ಜ್ವರ ಇಳಿದ ಮೇಲೆ ಕಿವಿಯ ಸರದಿ

ನನ್ನ ಕೇಸ್ ಶೀಟ್‌ನಲ್ಲಿ ಒಂದು ದಿನ "ರೋಗಿಗೆ ಸ್ವಲ್ಪ ಗೊಂದಲ, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುತ್ತಿಲ್ಲ" ಅಂತ ಬರೆದಿದ್ದರು. ಅದನ್ನು ನಾನು ಓದಿದ್ದು ಎಷ್ಟೋ ದಿನ ಆದ ಮೇಲೆ, ಕಾಗದಪತ್ರಗಳ ಪ್ರತಿ ಕೈಗೆ ಬಂದಾಗ. ನನಗೆ ಗೊಂದಲ ಏನೂ ಇರಲಿಲ್ಲ. ಕೇಳಿಸುತ್ತಿರಲಿಲ್ಲ, ಅಷ್ಟೆ.

ಇನ್‌ಫ್ಲುಯೆಂಜಾ ಜ್ವರ ಎದೆಗೆ ಇಳಿದು ನ್ಯುಮೋನಿಯಾ ಆಗಿತ್ತು. ಉಸಿರಾಡಲು ಕಷ್ಟವಾಗಿ ಆಸ್ಪತ್ರೆ ಸೇರಿದ್ದೆ. ಜೊತೆಗೆ ಸಕ್ಕರೆ ಕಾಯಿಲೆ ಬೇರೆ. ಮೊದಲ ದಿನಗಳಲ್ಲಿ ಎಲ್ಲರ ಗಮನ ನನ್ನ ಶ್ವಾಸಕೋಶದ ಮೇಲೆಯೇ ಇತ್ತು. ಅದು ಸರಿಯೇ. ಮೂಗಿಗೆ ಹಾಕಿದ್ದ ಆಕ್ಸಿಜನ್ ಕೊಳವೆಯಿಂದ ರಭಸವಾಗಿ ಗಾಳಿ ಬರುತ್ತಿತ್ತು. ಅದರ ಭೋರ್ಗರೆತ ಹಗಲು ರಾತ್ರಿ ತಲೆಯೊಳಗೇ ಇದ್ದ ಹಾಗೆ ಇರುತ್ತಿತ್ತು. ಪಕ್ಕದಲ್ಲಿ ಮಾನಿಟರ್‌ಗಳ ಬೀಪ್. ಬಂದವರೆಲ್ಲ ಮಾಸ್ಕ್ ಹಾಕಿಕೊಂಡೇ ಮಾತಾಡುವವರು. ಮಾಸ್ಕ್ ತುಟಿಯನ್ನು ಮರೆ ಮಾಡುವುದಷ್ಟೇ ಅಲ್ಲ, ಮಾತಿನ ಚೂಪಾದ ಸದ್ದುಗಳನ್ನೂ ತಿಂದುಹಾಕುತ್ತದೆ. ಸಾದಾ ಮಾಸ್ಕ್ 3–4 ಡೆಸಿಬಲ್ ಕಡಿಮೆ ಮಾಡಿದರೆ, ಎನ್95 ಸುಮಾರು 12 ಡೆಸಿಬಲ್‌ವರೆಗೆ ಕಡಿಮೆ ಮಾಡುತ್ತದೆ. ಇಂಥ ಜಾಗದಲ್ಲಿ ಒಬ್ಬರ ಕಿವಿ ಮಂದವಾದರೆ ಯಾರಿಗೆ ಗೊತ್ತಾಗಬೇಕು ಹೇಳಿ?

ಜ್ವರ ಇಳಿಯಲು ಶುರುವಾದ ಮೇಲೆ ಒಂದು ಬೆಳಗ್ಗೆ ಎದ್ದಾಗ ಎಡಗಿವಿ ಗಟ್ಟಿಯಾಗಿ ಮುಚ್ಚಿಕೊಂಡಿತ್ತು. ಬೆಟ್ಟದ ದಾರಿಯಲ್ಲಿ ಬಸ್ಸು ಇಳಿಯುವಾಗ ಕಿವಿ ಕಟ್ಟುತ್ತದಲ್ಲ, ಹಾಗೆ. ಉಗುಳು ನುಂಗಿದೆ, ಆಕಳಿಸಿದೆ, ಬಿಡಲಿಲ್ಲ. ಒಳಗಿಂದ ಗುಂಯ್ ಅನ್ನೋ ಸದ್ದು ಬೇರೆ. ಅದು ಯಂತ್ರದ ಸದ್ದಲ್ಲ ಅಂತ ಗೊತ್ತಾಗಿದ್ದು ಆಕ್ಸಿಜನ್‌ನ ರಭಸ ಕಡಿಮೆ ಮಾಡಿದಾಗ. ಕೋಣೆ ತಣ್ಣಗಾಯಿತು, ಗುಂಯ್ ಮಾತ್ರ ನಿಲ್ಲಲಿಲ್ಲ. ಬಲಗಿವಿಯೂ ಸರಿ ಇರಲಿಲ್ಲ. ಅಲ್ಲಿ ನನ್ನ ಮಾತು ನನಗೇ ಮಡಕೆಯೊಳಗಿಂದ ಬಂದಂತೆ ಮೊಳಗುತ್ತಿತ್ತು. ರೌಂಡ್ಸ್‌ಗೆ ಬಂದ ಡಾಕ್ಟರಿಗೆ ಹೇಳಿದೆ. "ನಿಶ್ಶಕ್ತಿ ಇದೆ ಅಲ್ವಾ ಅಮ್ಮ, ಜ್ವರ ಪೂರ್ತಿ ಬಿಟ್ಟ ಮೇಲೆ ಸರಿ ಹೋಗುತ್ತೆ" ಅಂದರು. ಅಂದದ್ದು ಅರ್ಧ ಕೇಳಿಸಿತು, ಉಳಿದರ್ಧ ಅವರ ಕೈಸನ್ನೆಯಿಂದ ಊಹಿಸಿಕೊಂಡೆ.

ವಿಷಯ ಹೊರಬಿದ್ದಿದ್ದು ಫೋನಿನಿಂದ. ಮಗ ಅವರಪ್ಪನಿಗೆ ಫೋನ್ ಹಚ್ಚಿ ನನ್ನ ಎಡಗಿವಿಗೆ ಹಿಡಿದ. ಅವನು ಕೂತಿದ್ದುದು ಆ ಕಡೆ. ಆ ತುದಿಯಿಂದ ನಮ್ಮ ಯಜಮಾನರು ಏನೋ ಹೇಳುತ್ತಿದ್ದರು. ನನಗೆ ಕೇಳಿಸಿದ್ದು ತಗಡು ಕೆರೆದಂಥ ಸದ್ದು. ಅದರಲ್ಲಿ ಅವರ ದನಿಯೂ ಇರಲಿಲ್ಲ, ಒಂದು ಮಾತೂ ಇರಲಿಲ್ಲ. ಫೋನ್ ಬಲಕ್ಕೆ ಬದಲಾಯಿಸಿದೆ. ಸಣ್ಣದಾಗಿ, ದೂರದಲ್ಲಿ, ಆದರೂ ಅವರದೇ ದನಿ. ಮತ್ತೆ ಎಡಕ್ಕೆ ಹಿಡಿದೆ, ಮತ್ತೆ ತಗಡು. ಮಗ ಇದನ್ನೆಲ್ಲ ನೋಡುತ್ತಿದ್ದ. "ಅಮ್ಮ, ಈ ಕಿವಿಗೆ ಕೇಳಿಸ್ತಾನೇ ಇಲ್ವಾ?" ಅಂದ. ಅವನೇ ಹೋಗಿ ಡ್ಯೂಟಿ ಡಾಕ್ಟರ್ ಹತ್ತಿರ ಪಟ್ಟು ಹಿಡಿದು ಇಎನ್‌ಟಿ ವಿಭಾಗಕ್ಕೆ ಚೀಟಿ ಬರೆಸಿಕೊಂಡು ಬಂದ.

ಇಎನ್‌ಟಿ ಡಾಕ್ಟರ್ ಬಂದಿದ್ದು ಸಂಜೆ. ಆಕೆ ಮಾಡಿದ ಮೊದಲ ಕೆಲಸವನ್ನು ನಾನು ಮರೆಯುವುದಿಲ್ಲ. ಮಾನಿಟರ್ ಸದ್ದು ತಗ್ಗಿಸಿದರು. ನನ್ನ ಮುಖದ ಎದುರಿಗೆ ಬಂದು ಕೂತರು. ಒಂದು ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ "ಯಾವ ಕಿವಿ? ಯಾವತ್ತಿನಿಂದ?" ಅಂತ ಬರೆದು ತೋರಿಸಿದರು. ಅಲ್ಲಿಯವರೆಗೆ ನನ್ನನ್ನು ಯಾರೂ ಆ ಎರಡು ಪ್ರಶ್ನೆ ಕೇಳಿರಲಿಲ್ಲ.

ಕಿವಿಯೊಳಗೆ ದೀಪ ಬಿಟ್ಟು ನೋಡಿದರು. ಬಲಗಿವಿಯ ತಮಟೆ ಮಂಕಾಗಿ ಒಳಕ್ಕೆ ಎಳೆದುಕೊಂಡಿದೆ, ಹಿಂದೆ ನೀರು ತುಂಬಿದೆ. ಎಡಗಿವಿಯ ತಮಟೆ ಮಾತ್ರ ಚೊಕ್ಕವಾಗಿದೆ, ನೋಡಲು ಏನೇನೂ ತೊಂದರೆ ಇಲ್ಲ. "ಜಾಸ್ತಿ ಕೇಳದ ಕಿವಿಯೇ ನೋಡೋಕೆ ಚೆನ್ನಾಗಿದೆ. ಅದೇ ನನಗೆ ಯೋಚನೆ" ಅಂದರು.

ಆಮೇಲೆ ಶ್ರುತಿಕವೆ ತೆಗೆದರು. ಶಾಲೆಯ ಪ್ರಯೋಗಾಲಯದಲ್ಲಿ ಎಲ್ಲರೂ ನೋಡಿರುತ್ತೀರಿ, ಎರಡು ಕವಲಿನ ಉಕ್ಕಿನ ಕಡ್ಡಿ. ಅದು ಸೆಕೆಂಡಿಗೆ 512 ಸಲ ಕಂಪಿಸುವಂಥದ್ದು. ಮೊಣಕೈಗೆ ತಟ್ಟಿ, ಬುಡವನ್ನು ನನ್ನ ಹಣೆಯ ನಡುವೆ ಊರಿದರು. ಸದ್ದು ಪೂರ್ತಿ ಬಲಕ್ಕೆ ಓಡಿತು. ಆಮೇಲೆ ಬಲಗಿವಿಯ ಹಿಂದಿನ ಮೂಳೆಗೆ ಒತ್ತಿದಾಗ ಜೋರಾಗಿ ಕೇಳಿಸಿತು, ಅದೇ ಕಡ್ಡಿಯನ್ನು ಕಿವಿಯ ಮುಂದೆ ಹಿಡಿದಾಗ ಕಡಿಮೆಯಾಯಿತು. ಎಡಗಿವಿಯಲ್ಲಿ ಇದು ತಿರುಗುಮುರುಗಾಗಿತ್ತು. ಎರಡು ನಿಮಿಷದ ಕೆಲಸ. ಕರೆಂಟ್ ಬೇಡ, ಯಂತ್ರ ಬೇಡ. ಅಷ್ಟರಲ್ಲೇ ಅವರಿಗೆ ಒಂದು ಸಂಗತಿ ಸ್ಪಷ್ಟವಾಗಿತ್ತು: ನನ್ನ ಎರಡೂ ಕಿವಿ ಕೆಟ್ಟಿವೆ, ಆದರೆ ಎರಡು ಬೇರೆ ಬೇರೆ ಕಾರಣಕ್ಕೆ.

ಬಲಗಿವಿಯದ್ದು ದಾರಿಯ ತೊಂದರೆ. ಮೂಗಿನ ಹಿಂಭಾಗದಿಂದ ನಡುಕಿವಿಗೆ ಒಂದು ಸಣ್ಣ ನಾಳ ಇರುತ್ತದೆ. ಗಾಳಿ ಆಡುವುದು ಅದರಲ್ಲೇ. ವೈರಸ್ ಸೋಂಕಿನಿಂದ ಆ ನಾಳ ಊದಿಕೊಂಡರೆ, ಮೇಲಿಂದ ಸದಾ ಅಂಗಾತ ಮಲಗಿದ್ದರೆ, ನಡುಕಿವಿಯಲ್ಲಿ ನೀರು ನಿಲ್ಲುತ್ತದೆ. ಸದ್ದು ಒಳಗೆ ಹೋಗುವುದಕ್ಕೆ ಅಡ್ಡಿ, ಒಳಗಿನ ಯಂತ್ರ ಮಾತ್ರ ಸರಿಯಾಗಿಯೇ ಇರುತ್ತದೆ. ಇದು ಸಾಮಾನ್ಯವಾಗಿ ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಕೆಲವರಿಗೆ 3 ತಿಂಗಳವರೆಗೂ ಎಳೆಯುತ್ತದೆ. ಅದರ ಬಗ್ಗೆ ಡಾಕ್ಟರ್ ತಲೆ ಕೆಡಿಸಿಕೊಳ್ಳಲಿಲ್ಲ.

ಎಡಗಿವಿಯದ್ದು ಒಳಕಿವಿಯ ಪೆಟ್ಟು. ಅಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಎರಡೂವರೆ ಸುತ್ತು ಸುತ್ತಿಕೊಂಡ ಕಾಕ್ಲಿಯಾ ಇದೆ. ಅದರೊಳಗೆ ಸುಮಾರು 15,000 ರೋಮಕೋಶಗಳು. ಸದ್ದನ್ನು ನರಕ್ಕೆ ಅರ್ಥವಾಗುವ ಸಂಕೇತವಾಗಿ ಬದಲಾಯಿಸುವುದು ಇವೇ. ಹಕ್ಕಿಗಳಲ್ಲಿ ಇವು ಸತ್ತರೆ ಮತ್ತೆ ಹುಟ್ಟುತ್ತವೆ. ಮನುಷ್ಯರಲ್ಲಿ ಹುಟ್ಟುವುದಿಲ್ಲ. ಇದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ವೈರಸ್ ಅಲ್ಲಿಗೆ ಹೇಗೆ ಪೆಟ್ಟು ಕೊಡುತ್ತದೆ ಅಂತ ಮಗ ಕೇಳಿದ. ಡಾಕ್ಟರ್ ಮೂರು ದಾರಿ ಹೇಳಿದರು. ಕೆಲವು ವೈರಸ್‌ಗಳು ನೇರವಾಗಿ ಒಳಕಿವಿಗೋ ನರಕ್ಕೋ ಹೊಗುತ್ತವೆ. ಕೆಲವು ಸಲ ವೈರಸ್‌ಗಿಂತ ಅದರ ವಿರುದ್ಧ ದೇಹ ಹೂಡುವ ಯುದ್ಧವೇ ಆ ನಾಜೂಕು ಜಾಗವನ್ನು ಊದಿಸಿ ಕೆಡಿಸುತ್ತದೆ. ಮೂರನೆಯದು ರಕ್ತದ್ದು. ಒಳಕಿವಿಗೆ ರಕ್ತ ಹೋಗುವುದು ಒಂದೇ ಒಂದು ಸಣ್ಣ ರಕ್ತನಾಳದಿಂದ. ಸೋಂಕಿನಿಂದ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಿ ಅಲ್ಲಿ ತಡೆಯಾದರೆ, ಬಳಸಿಕೊಂಡು ಹೋಗಲು ಬೇರೆ ದಾರಿ ಇಲ್ಲ. ನನ್ನ ಕಿವಿಯಲ್ಲಿ ಇವುಗಳಲ್ಲಿ ಯಾವುದು ನಡೆಯಿತು ಅಂತ ತೋರಿಸುವ ಪರೀಕ್ಷೆ ಇಲ್ಲ. ಜೀವಂತ ಮನುಷ್ಯರ ಕಾಕ್ಲಿಯಾದಿಂದ ಚೂರು ತೆಗೆದು ನೋಡಲು ಆಗುವುದಿಲ್ಲ ಅಲ್ವಾ.

ಆದರೆ ಇನ್ನೊಂದು ಅನುಮಾನವನ್ನು ಅವರು ಮೊದಲೇ ಬಗೆಹರಿಸಿಕೊಳ್ಳಬೇಕಿತ್ತು. ನನ್ನ ಔಷಧಿ ಪಟ್ಟಿ ತೆಗೆದು ಬೆರಳಿಟ್ಟು ಓದಿದರು. ಎದೆಯಲ್ಲಿ ವೈರಸ್ ಮೇಲೆ ಬ್ಯಾಕ್ಟೀರಿಯಾ ಸೋಂಕೂ ಸೇರಿಕೊಂಡಿತ್ತು ಅಂತ ಅಮಿಕಾಸಿನ್ ಕೊಟ್ಟಿದ್ದರು. ಮೈಯಲ್ಲಿ ನೀರು ಸೇರಿದ್ದಕ್ಕೆ ಫ್ಯೂರೋಸೆಮೈಡ್ ಕೂಡ. ಎರಡೂ ಜೀವ ಉಳಿಸುವ ಔಷಧಿಗಳೇ. ಎರಡಕ್ಕೂ ಕಿವಿಗೆ ಪೆಟ್ಟು ಕೊಡುವ ಗುಣ ಇದೆ, ಜೊತೆಯಾಗಿ ಕೊಟ್ಟರೆ ಇನ್ನೂ ಜಾಸ್ತಿ. ಅಮಿಕಾಸಿನ್ ಸೇರಿದ ಗುಂಪಿನ ಮೊದಲ ಔಷಧಿ ಸ್ಟ್ರೆಪ್ಟೊಮೈಸಿನ್. 1940ರ ದಶಕದಲ್ಲಿ ಕ್ಷಯಕ್ಕೆ ಅದು ಬಂದ ಕಾಲದಿಂದಲೇ ಈ ತೊಂದರೆ ಗೊತ್ತಿದೆ. ಆಕೆ ನನ್ನನ್ನು ಒಂದು ವಿಚಿತ್ರ ಪ್ರಶ್ನೆ ಕೇಳಿದರು. "ನಿಮ್ಮ ತಾಯಿ ಕಡೆಯವರಲ್ಲಿ ಇಂಜೆಕ್ಷನ್ ತಗೊಂಡ ಮೇಲೆ ಕಿವಿ ಹೋದವರು ಯಾರಾದ್ರೂ ಇದ್ದಾರಾ?" ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಮೈಟೊಕಾಂಡ್ರಿಯಾದ ಡಿಎನ್‌ಎಯಲ್ಲಿ ಒಂದು ಬದಲಾವಣೆ ಇದ್ದರೆ, ಈ ಗುಂಪಿನ ಔಷಧಿಯ ಸ್ವಲ್ಪ ಡೋಸ್‌ಗೂ ಕಿವಿ ಹೋಗಬಹುದಂತೆ. ನಮ್ಮ ತಾಯಿ ಕಡೆ ಅಂಥವರು ಯಾರೂ ಇರಲಿಲ್ಲ. ಆದರೂ ಫಿಸಿಶಿಯನ್ ಜೊತೆ ಮಾತಾಡಿ ಅವತ್ತೇ ಅಮಿಕಾಸಿನ್ ಬದಲಿಸಿದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಒಳಕಿವಿಯ ಕೇಳುವ ಶಕ್ತಿ 3 ದಿನದೊಳಗೆ, ಒಂದರ ಪಕ್ಕ ಒಂದು ಬರುವ ಕನಿಷ್ಠ 3 ಶ್ರುತಿಗಳಲ್ಲಿ (ಸದ್ದು ಎಷ್ಟು ದಪ್ಪ, ಎಷ್ಟು ಚೂಪು ಅನ್ನುವ ಮಟ್ಟಗಳಲ್ಲಿ) 30 ಡೆಸಿಬಲ್ ಅಥವಾ ಅದಕ್ಕಿಂತ ಹೆಚ್ಚು ಕುಸಿದರೆ ಅದನ್ನು ದಿಢೀರ್ ಕಿವುಡು ಅಂತ ಪರಿಗಣಿಸುತ್ತಾರೆ. ಅದು ತುರ್ತು ಸ್ಥಿತಿ. ಚಿಕಿತ್ಸೆ ಮೊದಲ 2 ವಾರದೊಳಗೆ ಶುರುವಾದರೆ ಲಾಭದ ಸಂಭವ ಜಾಸ್ತಿ. 6 ವಾರ ದಾಟಿದರೆ ಹೆಚ್ಚೇನೂ ಉಳಿದಿರುವುದಿಲ್ಲ. ಆಸ್ಪತ್ರೆಯಲ್ಲಿ ಮಲಗಿದ ರೋಗಿಗೆ ಈ 2 ವಾರ ಎಷ್ಟು ಸುಲಭವಾಗಿ ಕಳೆದುಹೋಗುತ್ತದೆ ಅಂತ ನೋಡಿ. ಜ್ವರ, ಡ್ರಿಪ್, ಸ್ಕ್ಯಾನ್, ಆಕ್ಸಿಜನ್. ಮನೆಗೆ ಹೋದ ಮೇಲೆ, ಸದ್ದುಗದ್ದಲ ಇಲ್ಲದ ಕಡೆ, ಆಗ ಗೊತ್ತಾಗುತ್ತದೆ. ಅಷ್ಟರಲ್ಲಿ ಗಡುವು ಮುಗಿದಿರುತ್ತದೆ. ದಿನಕ್ಕೆ ಹತ್ತಾರು ಸಲ ನನ್ನ ಬಿಪಿ, ಸಕ್ಕರೆ, ಉಸಿರು ನೋಡುತ್ತಿದ್ದರು. "ಎರಡೂ ಕಿವಿ ಕೇಳಿಸುತ್ತಾ?" ಅನ್ನುವ ಒಂದು ಪ್ರಶ್ನೆ ಆ ಪಟ್ಟಿಯಲ್ಲಿ ಯಾಕಿಲ್ಲ ಅಂತ ನನಗೆ ಈಗಲೂ ಅರ್ಥವಾಗಿಲ್ಲ.

ಮಾರನೆಯ ದಿನ ಗಾಲಿಕುರ್ಚಿಯಲ್ಲಿ, ಕೇಳುವ ಶಕ್ತಿ ಅಳೆಯುವ ಆಡಿಯೋಮೆಟ್ರಿ ಕೋಣೆಗೆ ಕರೆದುಕೊಂಡು ಹೋದರು. ದಪ್ಪ ಬಾಗಿಲಿನ, ಒಳಗೆಲ್ಲ ಮೆತ್ತನೆ ಹೊದಿಕೆಯ ಸಣ್ಣ ಕೋಣೆ. ಬಾಗಿಲು ಹಾಕಿದರೆ ಹೊರಗಿನ ಸದ್ದು ಪೂರ್ತಿ ಸತ್ತುಹೋಗುತ್ತದೆ. ಆಕ್ಸಿಜನ್ ಹಿಸ್ಸೆನ್ನುವ ಸದ್ದು ಪರೀಕ್ಷೆಗೆ ಅಡ್ಡಿ. ಅದಕ್ಕೆ ಬೆರಳಿಗೆ ಸ್ಯಾಚುರೇಷನ್ ಕ್ಲಿಪ್ ಹಾಕಿ, ನೋಡಿಕೊಂಡು ಸ್ವಲ್ಪ ಸ್ವಲ್ಪ ಹೊತ್ತು ನಿಲ್ಲಿಸಿದರು. ನಡುನಡುವೆ ಬಿಡುವು ಕೊಟ್ಟರು. ಆಡಿಯಾಲಜಿಸ್ಟ್ ಚಿಕ್ಕ ವಯಸ್ಸಿನ ಹುಡುಗಿ, ತಾಳ್ಮೆ ಬಹಳ. ಹೆಡ್‌ಫೋನ್ ಹಾಕಿ ಕೈಗೆ ಒಂದು ಗುಂಡಿ ಕೊಟ್ಟಳು. ಎಷ್ಟೇ ಸಣ್ಣಗೆ ಕೇಳಿಸಿದರೂ ಒತ್ತಬೇಕು.

ನಿಶ್ಶಕ್ತಿ ಇರುವವರಿಗೆ ಈ ಪರೀಕ್ಷೆ ಸುಲಭವಲ್ಲ. ಗಮನ ಜಾರುತ್ತದೆ. ನನ್ನ ಕಿವಿಯೊಳಗಿನ ಗುಂಯ್ ಯಾವುದು, ಹೆಡ್‌ಫೋನಿನ ಸದ್ದು ಯಾವುದು ಅಂತಲೇ ಗೊತ್ತಾಗುತ್ತಿರಲಿಲ್ಲ. ಅವಳಿಗೆ ಅದು ಗೊತ್ತಾಯಿತು. ಒಂದೇ ಸಮನೆ ಬರುವ ಸದ್ದಿನ ಬದಲು ಬಿಟ್ಟು ಬಿಟ್ಟು ಮಿಡಿಯುವ ಸದ್ದು ಹಾಕಿದಳು. ಆಗ ಸುಲಭವಾಯಿತು. ಎಡಗಿವಿಗೆ ಸದ್ದು ಕೊಡುವಾಗ ಬಲಗಿವಿಗೆ ಸುಮ್ನೆ ಶ್‌... ಅನ್ನುವ ಗಾಳಿಸದ್ದು ಬಿಟ್ಟಳು. ಹಾಗೆ ಮಾಡದಿದ್ದರೆ ಎಡಕ್ಕೆ ಕೊಟ್ಟ ಜೋರು ಸದ್ದು ತಲೆಬುರುಡೆಯ ಮೂಲಕ ದಾಟಿ ಬಲಗಿವಿಗೆ ಕೇಳಿಸಿ, ಕೇಳದ ಕಿವಿಯೂ ಕೇಳುತ್ತಿದೆ ಅಂತ ತಪ್ಪು ಲೆಕ್ಕ ಬರುತ್ತದೆ. 250 ಹರ್ಟ್ಜ್‌ನ ದಪ್ಪ ಸದ್ದಿನಿಂದ 8,000 ಹರ್ಟ್ಜ್‌ನ ಚೂಪು ಸದ್ದಿನವರೆಗೆ ಒಂದೊಂದಾಗಿ. ಆಮೇಲೆ ಕಿವಿಯ ಹಿಂದಿನ ಮೂಳೆಗೆ ಒಂದು ಸಣ್ಣ ಕಂಪನದ ಡಬ್ಬಿ ಸಿಕ್ಕಿಸಿ ಮತ್ತೆ ಅದೇ ಪರೀಕ್ಷೆ.

ಗ್ರಾಫ್ ತೋರಿಸಿದಳು. ಬಲಗಿವಿ ಕೆಂಪು, ಎಡಗಿವಿ ನೀಲಿ. ಗೆರೆ ಕೆಳಗೆ ಹೋದಷ್ಟೂ ಕಿವಿ ಮಂದ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 20 ಡೆಸಿಬಲ್‌ಗಿಂತ ಕಡಿಮೆ ಇದ್ದರೆ ಸರಿಯಾದ ಕಿವಿ, 35 ದಾಟಿದರೆ ಮಧ್ಯಮ ಮಟ್ಟದ ಕಿವುಡು, 65 ದಾಟಿದರೆ ತೀವ್ರ. ಬಲಗಿವಿಯಲ್ಲಿ ಗಾಳಿಯ ಮೂಲಕ ಬಂದ ಸದ್ದಿಗೆ 40ರ ಆಸುಪಾಸು, ಮೂಳೆಯ ಮೂಲಕ ಬಂದದ್ದಕ್ಕೆ 10. ಎರಡರ ನಡುವಿನ ಅಂತರವೇ ನೀರಿನ ಗುರುತು. ಎಡಗಿವಿಯಲ್ಲಿ ಗಾಳಿ, ಮೂಳೆ ಎರಡೂ ಜೊತೆಯಾಗಿ ಇಳಿದಿದ್ದವು. 250 ಹರ್ಟ್ಜ್‌ನಲ್ಲಿ 40, 1,000ದಲ್ಲಿ 55, 4,000ದಲ್ಲಿ 75.

ಆ ಗ್ರಾಫ್ ನೋಡಿಯೇ ಔಷಧಿಯ ಮೇಲಿನ ಅನುಮಾನ ಅರ್ಧಕ್ಕರ್ಧ ಕಮ್ಮಿಯಾಯಿತು. ಔಷಧಿಯ ಪೆಟ್ಟು ಸಾಮಾನ್ಯವಾಗಿ ಎರಡೂ ಕಿವಿಗೆ ಸಮನಾಗಿ ಬೀಳುತ್ತದೆ, ಮೊದಲು ಚೂಪು ಸದ್ದುಗಳನ್ನು ಕೊಲ್ಲುತ್ತದೆ. ನನ್ನ ಬಲಗಿವಿಯ ಮೂಳೆಗೆರೆ 4,000 ಹರ್ಟ್ಜ್‌ವರೆಗೂ ನೆಟ್ಟಗಿತ್ತು. ಅಂದರೆ ಬಲ ಒಳಕಿವಿ ಚೆನ್ನಾಗಿದೆ. ಒಂದೇ ಕಡೆ ಹೀಗೆ ದಿಢೀರ್ ಕುಸಿದಿದ್ದರೆ ವೈರಸ್ ಕಡೆಗೇ ಬೆರಳು ಹೆಚ್ಚು. ಪೂರ್ತಿ ಬಿಡುಗಡೆ ಅಲ್ಲ, ಯಾಕೆಂದರೆ ಈ ಔಷಧಿಗಳ ಪರಿಣಾಮ ನಿಲ್ಲಿಸಿದ ವಾರಗಳ ನಂತರವೂ ಕಾಣಿಸಿಕೊಳ್ಳಬಹುದು. ಅದಕ್ಕೆ ಮುಂದೆಯೂ ಪರೀಕ್ಷೆ ಮಾಡಿಸುತ್ತಿರಬೇಕು ಅಂದರು.

ಇನ್ನೊಂದು ಪರೀಕ್ಷೆ ನನ್ನನ್ನು ಅಲ್ಲಾಡಿಸಿಬಿಟ್ಟಿತು. ಪದಗಳನ್ನು ಕೇಳಿಸಿ ಹಾಗೆಯೇ ಹೇಳಿ ಅಂದರು. ಸಾಕಷ್ಟು ಜೋರಾಗಿಯೇ ಕೇಳಿಸುತ್ತಿದ್ದರು. ಎಡಗಿವಿಗೆ ಸದ್ದು ಬರುತ್ತಿತ್ತು, ಪದ ಬರುತ್ತಿರಲಿಲ್ಲ. "ಕತ್ತು" ಅಂದರೆ "ಹತ್ತು", "ಶಾಲೆ" ಅಂದರೆ "ಹಾಲೆ". ಸ, ಶ, ಕ, ತ ಇಂಥ ಅಕ್ಷರಗಳ ಗುರುತು ಇರುವುದು ಚೂಪು ಸದ್ದುಗಳಲ್ಲಿ. ಅವು ಹೋದರೆ ಮಾತಿನ ಮೈ ಉಳಿಯುತ್ತದೆ, ಮುಖ ಇರುವುದಿಲ್ಲ. ಜೋರಾಗಿ ಕೂಗಿದರೂ ನನಗೆ ಯಾಕೆ ಅರ್ಥವಾಗುತ್ತಿರಲಿಲ್ಲ ಅಂತ ಆಗ ತಿಳಿಯಿತು. ವಾರ್ಡ್‌ನಲ್ಲಿ ಕೂಗಿ ಕೂಗಿ ಸುಸ್ತಾದ ನರ್ಸ್‌ಗಳಿಗೂ ಇದು ಗೊತ್ತಿದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು.

ಕೊನೆಗೆ ಕಿವಿಯಲ್ಲಿ ಒಂದು ಮೆತ್ತನೆ ಬಿರಡೆ ಇಟ್ಟು, ನಾನು ಏನೂ ಮಾಡಬೇಕಿಲ್ಲ, ಸುಮ್ನೆ ಕೂತರೆ ಸಾಕು ಅಂದಳು. ಆರೋಗ್ಯವಾಗಿರುವ ಕಾಕ್ಲಿಯಾ ಸದ್ದು ಕೇಳಿಸಿಕೊಳ್ಳುವುದಷ್ಟೇ ಅಲ್ಲ, ತಾನೂ ಒಂದು ಸಣ್ಣ ಸದ್ದನ್ನು ವಾಪಸ್ ಕಳಿಸುತ್ತದೆ. 1978ರಲ್ಲಿ ಡೇವಿಡ್ ಕೆಂಪ್ ಇದನ್ನು ಕಂಡುಹಿಡಿದರು. ಇವತ್ತು ನವಜಾತ ಶಿಶುಗಳ ಕಿವಿ ಪರೀಕ್ಷೆಗೂ ಇದನ್ನು ಬಳಸುತ್ತಾರೆ. ಮಾತಾಡಲಾಗದ, ಗುಂಡಿ ಒತ್ತಲಾಗದ ರೋಗಿಗೂ ಹಾಸಿಗೆಯ ಪಕ್ಕದಲ್ಲೇ ಮಾಡಬಹುದಾದ ಪರೀಕ್ಷೆ ಇದು. ನನ್ನ ಎಡಗಿವಿ ಏನನ್ನೂ ವಾಪಸ್ ಕಳಿಸಲಿಲ್ಲ. ಬಲಗಿವಿ ಕಳಿಸಿದ್ದರೂ ನೀರಿನಿಂದಾಗಿ ಹೊರಗೆ ಬರುತ್ತಿರಲಿಲ್ಲ.

ಇಂಥ ಕಿವುಡಿಗೆ ಸಾಮಾನ್ಯವಾಗಿ ಸ್ಟಿರಾಯ್ಡ್ ಮಾತ್ರೆ ಕೊಡುತ್ತಾರೆ. ನನಗೆ ಸಕ್ಕರೆ ಇದೆ, ಮೇಲಾಗಿ ಇನ್‌ಫ್ಲುಯೆಂಜಾ ನ್ಯುಮೋನಿಯಾದಲ್ಲಿ ಮೈಗೆಲ್ಲ ಹರಡುವ ಸ್ಟಿರಾಯ್ಡ್ ಅಪಾಯ. ಹಾಗಾಗಿ ತಮಟೆಯ ಮೂಲಕ ನಡುಕಿವಿಗೇ ಔಷಧಿ ಬಿಡುವುದು ಅಂತ ತೀರ್ಮಾನವಾಯಿತು. ಸಾಮಾನ್ಯವಾಗಿ ಎರಡು ವಾರದಲ್ಲಿ 4 ಸಲದವರೆಗೆ ಕೊಡುತ್ತಾರೆ. "ಗ್ಯಾರಂಟಿ ಕೊಡಲ್ಲ ಅಮ್ಮ. ಕೆಲವರಿಗೆ ಚಿಕಿತ್ಸೆ ಇಲ್ಲದೆಯೂ ವಾಪಸ್ ಬರುತ್ತೆ, ಕೆಲವರಿಗೆ ಏನು ಮಾಡಿದರೂ ಬರಲ್ಲ. ಆದರೆ ಕಾದು ನೋಡೋಣ ಅಂತ ಕೂತರೆ ಸಮಯ ಹೋಗುತ್ತೆ" ಅಂದರು. ತಮಟೆಯಲ್ಲಿ ಸಣ್ಣ ತೂತು ಉಳಿಯುವ ಸಾಧ್ಯತೆ, ಸೋಂಕು, ತಲೆಸುತ್ತು, ಎಲ್ಲ ಬಿಡಿಸಿ ಹೇಳಿದರು. ಮಗ ನನಗೆ ಬರೆದು ತೋರಿಸಿದ. ನಾನು ಸಹಿ ಹಾಕಿದೆ.

ಕಿವಿಗೆ ಸೂಜಿ ಅಂದರೆ ಯಾರಿಗಾದರೂ ಭಯವೇ. ಇಷ್ಟು ಹೇಳುತ್ತೇನೆ: ಅಂದುಕೊಂಡಷ್ಟು ನೋವಿಲ್ಲ. ಎಡಗಿವಿ ಮೇಲೆ ಬರುವ ಹಾಗೆ ಮಲಗಿಸಿದರು. ಮರಗಟ್ಟಿಸುವ ಔಷಧಿಯನ್ನು ತಮಟೆಯ ಮೇಲೆ ಒಂದು ಚುಕ್ಕೆಯಷ್ಟು ಮುಟ್ಟಿಸಿದರು. ಚುರ್ ಅಂತ ಉರಿದು ತಣ್ಣಗಾಯಿತು. ಡೆಕ್ಸಾಮೆಥಸೋನ್ ಅನ್ನುವ ಸ್ಟಿರಾಯ್ಡ್‌ನ ಶೀಷೆಯನ್ನು ಸಿಸ್ಟರ್ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತಿದ್ದರು. ತಣ್ಣಗಿನ ಔಷಧಿ ಹೋದರೆ ಇಡೀ ಕೋಣೆ ಗಿರಗಿರ ತಿರುಗುತ್ತದಂತೆ. ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಡಾಕ್ಟರ್ ತೆಳ್ಳಗಿನ ಸೂಜಿ ಇಳಿಸಿದರು. ಪಟ್ ಅಂತ ಒಂದು ಸದ್ದು, ಆಮೇಲೆ ಒಳಗೆ ಏನೋ ತುಂಬಿಕೊಂಡ ಹಾಗೆ. ಅರ್ಧ ಗಂಟೆ ಹಾಗೆಯೇ ಮಲಗಿರಬೇಕು. ಮಾತಾಡಬಾರದು, ಆದಷ್ಟೂ ಉಗುಳು ನುಂಗಬಾರದು. ನುಂಗಿದರೆ ನಾಳ ತೆರೆದು ಔಷಧಿ ಗಂಟಲಿಗೆ ಇಳಿದುಬಿಡುತ್ತದೆ. ಮೊದಲ ಸಲ ಕೆಮ್ಮು ತಡೆದುಕೊಳ್ಳುವುದೇ ನನಗೆ ದೊಡ್ಡ ಸಾಹಸವಾಯಿತು. ಗಂಟಲಲ್ಲಿ ಕಹಿ ಕಾಣಿಸಿತು. ಆದರೂ ಡಾಕ್ಟರ್ ಸಾಕಷ್ಟು ಒಳಗೆ ನಿಂತಿದೆ ಅಂದರು.

ಈ ನಡುವೆ ವಾರ್ಡ್‌ನ ದಿನಗಳು ಬದಲಾದವು. ಹಾಸಿಗೆಯ ಮೇಲ್ಗಡೆ ಇಎನ್‌ಟಿ ಡಾಕ್ಟರ್ ಒಂದು ಚೀಟಿ ಅಂಟಿಸಿ ಹೋಗಿದ್ದರು: "ಕಿವಿ ಕೇಳಿಸುವುದಿಲ್ಲ. ಬಲಗಡೆ ನಿಂತು, ಎದುರಿಗೆ ನೋಡಿ, ನಿಧಾನವಾಗಿ ಮಾತಾಡಿ." ಮಗ ಫೋನಿನಲ್ಲಿ ಮಾತನ್ನು ಕನ್ನಡ ಅಕ್ಷರವಾಗಿ ತೋರಿಸುವ ಆ್ಯಪ್ ಹಾಕಿಕೊಟ್ಟ. ಅದು ಔಷಧಿ ಹೆಸರುಗಳನ್ನು ಏನೇನೋ ಮಾಡಿ ಬರೆಯುತ್ತಿತ್ತು, ಆದರೂ ಎಷ್ಟೋ ವಾಸಿ. ಒಬ್ಬರು ಸಿಸ್ಟರ್ ರಾತ್ರಿ ರಕ್ತ ತೆಗೆಯಲು ಬಂದಾಗ ಮೊದಲು ಭುಜ ಮುಟ್ಟಿ, ಬಾಟಲಿ ತೋರಿಸಿ, ನಾನು ತಲೆಯಾಡಿಸಿದ ಮೇಲೆಯೇ ಸೂಜಿ ಹಿಡಿಯುತ್ತಿದ್ದರು. ಅದಕ್ಕೆ ಮುಂಚೆ ಕತ್ತಲಲ್ಲಿ ಯಾರೋ ದಿಢೀರನೆ ಕೈ ಹಿಡಿದಾಗ ಎದೆ ಧಸಕ್ಕೆನ್ನುತ್ತಿತ್ತು. ಕೇಳಿಸದ ರೋಗಿಗೆ ಆಸ್ಪತ್ರೆ ಭಯದ ಜಾಗ. ಯಾರು ಬಂದರು, ಏನು ಮಾಡುತ್ತಾರೆ, ಸ್ಕ್ಯಾನ್ ಕೋಣೆಯಲ್ಲಿ ಉಸಿರು ಹಿಡಿಯಬೇಕೋ ಬಿಡಬೇಕೋ, ಒಂದೂ ಗೊತ್ತಾಗುವುದಿಲ್ಲ. ಔಷಧಿಯ ಹೆಸರೋ ಅಲರ್ಜಿಯ ಪ್ರಶ್ನೆಯೋ ತಪ್ಪಾಗಿ ಕೇಳಿಸಿ ತಲೆಯಾಡಿಸಿದರೆ ಏನು ಗತಿ?

ಆಡಿಯೋಮೆಟ್ರಿ ಕೋಣೆಯ ಹೊರಗಿನ ಬೆಂಚಿನಲ್ಲಿ ಕಂಡವರೂ ನನ್ನ ಕಣ್ಣು ತೆರೆಸಿದರು. ನಮ್ಮದೇ ಆಸ್ಪತ್ರೆಯಲ್ಲಿ ದಾಖಲಾಗಿದ್ದ ಒಬ್ಬ ಹುಡುಗನಿಗೆ ಕಿವಿಯ ಮೇಲೆ ಗುಳ್ಳೆಗಳೆದ್ದು, ಅದೇ ಕಡೆ ಮುಖ ಸೊಟ್ಟಗಾಗಿ, ಕಿವಿ ಕೇಳದೆ, ನಡೆದರೆ ತೂರಾಡುತ್ತಿದ್ದ. ಸರ್ಪಸುತ್ತಿನ ವೈರಸ್ ಕಿವಿಯ ಹತ್ತಿರ ಮುಖದ ನರಕ್ಕೆ ಬಂದರೆ ಹೀಗಾಗುತ್ತದೆ. 1907ರಲ್ಲಿ ರ್‍ಯಾಮ್ಸೆ ಹಂಟ್ ಎಂಬ ವೈದ್ಯರು ವಿವರಿಸಿದ್ದರಿಂದ ಅವರ ಹೆಸರಿನಲ್ಲೇ ಕರೆಯುತ್ತಾರೆ. ಅಲ್ಲಿ ವೈರಸ್ ಯಾವುದೆಂದು ಗೊತ್ತಿದೆ, ಅದಕ್ಕೆ ಅಸೈಕ್ಲೊವಿರ್ ಇದೆ. ಮೊದಲ 3 ದಿನದೊಳಗೆ ಶುರು ಮಾಡಿದರೆ ಒಳ್ಳೆಯದು.

ಇನ್ನೊಂದು ಮಗುವಿಗೆ ಮಂಗನಬಾವು ಬಂದು ಹೋಗಿ ಒಂದು ಕಿವಿ ಪೂರ್ತಿ ಹೋಗಿತ್ತು. ಇನ್ನೊಂದು ಕಿವಿ ಚೆನ್ನಾಗಿದ್ದರಿಂದ ಮನೆಯವರಿಗೆ ತುಂಬ ದಿನ ಗೊತ್ತೇ ಆಗಿರಲಿಲ್ಲ. ಮಂಗನಬಾವಿನ ಕಿವುಡು ಅಪರೂಪ, ಆದರೆ ಬಂದರೆ ಹೆಚ್ಚಾಗಿ ಒಂದೇ ಕಡೆ, ಹೆಚ್ಚಾಗಿ ಶಾಶ್ವತ. ಮಂಗನಬಾವು, ದಡಾರ, ರುಬೆಲ್ಲಾ ಮೂರೂ ಕಿವಿ ಕೆಡಿಸಬಲ್ಲವು. ಮೂರಕ್ಕೂ ಸೇರಿ ಒಂದೇ ಎಂಎಂಆರ್ ಲಸಿಕೆ ಇದೆ. ಇದ್ದೂ ಮಗು ಕಿವಿ ಕಳೆದುಕೊಂಡರೆ ಸಂಕಟವಾಗುತ್ತದೆ. ಒಬ್ಬ ತಾಯಿಯ ಮಡಿಲಲ್ಲಿ ಕೂಸು ಮಲಗಿತ್ತು. ಬಸುರಿನಲ್ಲೇ ಸೈಟೊಮೆಗಲೊ ವೈರಸ್ ತಗುಲಿದ ಕೂಸು. ಹುಟ್ಟಿದಾಗ ಕಿವಿ ಸರಿಯಿತ್ತಂತೆ, ಆದರೆ ಈ ವೈರಸ್‌ನ ಪೆಟ್ಟು ತಿಂಗಳು, ವರ್ಷ ಕಳೆದ ಮೇಲೂ ಬರಬಹುದು. ಅದಕ್ಕೇ ಮತ್ತೆ ಮತ್ತೆ ಪರೀಕ್ಷೆಗೆ ಬರುತ್ತಿದ್ದರು. ಆ ತಾಯಿಯ ತಾಳ್ಮೆ ನೋಡಿ ನನಗೂ ಧೈರ್ಯ ಬಂತು.

ಡಿಸ್ಚಾರ್ಜ್ ದಿನ ಕೊಟ್ಟ ಸಮ್ಮರಿಯಲ್ಲಿ ನ್ಯುಮೋನಿಯಾ, ಸಕ್ಕರೆ, ಔಷಧಿಗಳೆಲ್ಲ ಇದ್ದವು. ಕಿವಿಯ ಬಗ್ಗೆ ಒಂದಕ್ಷರ ಇರಲಿಲ್ಲ. ಮಗ ವಾಪಸ್ ಕೊಟ್ಟು, ಎಡಗಿವಿಗೆ ಆದದ್ದು, ಅಮಿಕಾಸಿನ್ ಕೊಟ್ಟದ್ದು, ಮುಂದೆ ಆ ಗುಂಪಿನ ಔಷಧಿ ಕೊಡುವ ಮೊದಲು ಯೋಚಿಸಬೇಕೆನ್ನುವುದು, ಎಲ್ಲ ಸೇರಿಸಿ ಬರೆಸಿಕೊಂಡ. ಕಾಯಬೇಕಾಯಿತು, ಸ್ವಲ್ಪ ಮಾತಿಗೆ ಮಾತೂ ಬೆಳೆಯಿತು. ಆದರೆ ಆ ಸಾಲುಗಳು ಬೇಕೇ ಬೇಕು. ಮುಂದೆ ಯಾವ ಡಾಕ್ಟರ್ ಹತ್ತಿರ ಹೋದರೂ ಅವರು ಓದುವುದು ಆ ಹಾಳೆಯನ್ನೇ.

ಮನೆಗೆ ಹೋದ ಮೇಲೆ ಮತ್ತೆ ಬಂದು ಎಂಆರ್‌ಐ ಸ್ಕ್ಯಾನ್ ಕೂಡ ಮಾಡಿಸಿದೆ. ಒಂದೇ ಕಿವಿ ದಿಢೀರ್ ಕೆಟ್ಟರೆ ಕೇಳುವ ನರದ ಮೇಲೆ ಗಡ್ಡೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲೇಬೇಕು. ಜ್ವರದ ಜೊತೆ ಬಂತು ಅಂತ ವೈರಸ್ ತಲೆಗೆ ಕಟ್ಟಿ ಸುಮ್ಮನಾಗುವ ಹಾಗಿಲ್ಲ. ಗಡ್ಡೆ ಇರಲಿಲ್ಲ.

ಬಲಗಿವಿ ಒಂದು ಮಧ್ಯಾಹ್ನ ಆಕಳಿಸುವಾಗ ಟಪ್ ಅಂತ ತೆರೆದುಕೊಂಡಿತು. ಸದ್ದುಗಳೆಲ್ಲ ಒಮ್ಮೆಗೇ ನುಗ್ಗಿ ಬಂದವು. ಫ್ಯಾನ್, ಹೊರಗಿನ ಹಕ್ಕಿ, ನನ್ನ ಸೀರೆಯ ಸರಬರ. ಮುಂದಿನ ಪರೀಕ್ಷೆಯಲ್ಲಿ ಕೆಂಪು ಗೆರೆ ಪೂರ್ತಿ ಮೇಲೆ ಹತ್ತಿತ್ತು. ನೀಲಿ ಗೆರೆ ಅರ್ಧ ದಾರಿ ಬಂದು ನಿಂತಿತು. ದಪ್ಪ ಸದ್ದುಗಳು 20–30ಕ್ಕೆ ಬಂದವು, 4,000 ಹರ್ಟ್ಜ್ 60ರಲ್ಲೇ ಉಳಿಯಿತು. ಮತ್ತೆರಡು ಪರೀಕ್ಷೆಯಲ್ಲೂ ಅಲ್ಲೇ ಇತ್ತು. "ಇನ್ನು ಇದಕ್ಕಿಂತ ಮೇಲೆ ಹೋಗೋದು ಕಷ್ಟ" ಅಂದರು. ಬಂದಷ್ಟು ಇಂಜೆಕ್ಷನ್‌ನಿಂದ ಬಂತೋ, ತಾನಾಗಿಯೇ ಬಂತೋ ಬೇರ್ಪಡಿಸಿ ಹೇಳಲಾಗದು ಅಂತಲೂ ನೇರವಾಗಿ ಹೇಳಿದರು. ಆ ನೇರ ಮಾತು ನನಗೆ ಹಿಡಿಸಿತು.

ಒಂದೂವರೆ ಕಿವಿಯ ಬದುಕಿನಲ್ಲಿ ಜಾಸ್ತಿ ಕಷ್ಟ ಕೊಡುವುದು ದಿಕ್ಕು. ಸದ್ದು ಎಲ್ಲಿಂದ ಬಂತು ಅಂತ ಮೆದುಳು ತಿಳಿಯುವುದು ಎರಡೂ ಕಿವಿಗೆ ತಲುಪಿದ ಸದ್ದಿನ ಹೊತ್ತು, ಜೋರು ಎರಡನ್ನೂ ಹೋಲಿಸಿ. ಒಂದು ಕಿವಿ ಮಂದವಾದರೆ ಆ ಲೆಕ್ಕ ತಪ್ಪುತ್ತದೆ. ಮಗ ಎಡಗಡೆ ಕೋಣೆಯಿಂದ ಕರೆದರೆ ನಾನು ಬಲಕ್ಕೆ ತಿರುಗುತ್ತೇನೆ. ರಸ್ತೆ ದಾಟುವಾಗ ಹಾರ್ನ್ ಕೇಳಿಸುತ್ತದೆ, ಗಾಡಿ ಯಾವ ಕಡೆ ಅಂತ ಗೊತ್ತಾಗುವುದಿಲ್ಲ. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ದಣಿದು ಹೋಗುತ್ತೇನೆ. ಇನ್ನೊಂದು ವಿಚಿತ್ರ ಎಂದರೆ, ಸಣ್ಣ ಸದ್ದು ಕೇಳಿಸದ ಅದೇ ಎಡಗಿವಿಗೆ ಬಾಗಿಲು ಬಡಿದ ಸದ್ದು ತಡೆಯಲಾರದಷ್ಟು ಜೋರು. ಪೆಟ್ಟಾದ ಒಳಕಿವಿಯ ಗುಣವೇ ಅದಂತೆ.

ಹಿಯರಿಂಗ್ ಏಡ್ ಅಂದಾಗ ನಮ್ಮ ಯಜಮಾನರು ಸ್ವಲ್ಪ ಹಿಂದೆ ಮುಂದೆ ನೋಡಿದರು. "ಇಷ್ಟು ಬೇಗ ಬೇಕಾ?" ಅಂದರು. "ರೀ, ಕನ್ನಡಕ ಹಾಕ್ಕೊಳ್ಳೋಕೆ ನೀವು ಯಾರನ್ನ ಕೇಳಿದ್ರಿ?" ಅಂದೆ. ಒಪ್ಪಿದರು. ಎಲ್ಲ ಸದ್ದನ್ನೂ ಒಂದೇ ಸಮನೆ ಏರಿಸುವ ಯಂತ್ರ ನನಗೆ ಉಪಯೋಗವಿಲ್ಲ. ನನ್ನ ಗ್ರಾಫ್ ಇಟ್ಟುಕೊಂಡು ಚೂಪು ಸದ್ದುಗಳನ್ನು ಮಾತ್ರ ಏರಿಸಿ, ಜೋರು ಸದ್ದು ಒಂದು ಮಿತಿ ದಾಟದ ಹಾಗೆ ಕೂರಿಸಿದರು. ಮೊದಲ ದಿನ ಕಾಗದ ಮಡಿಸಿದ ಸದ್ದಿಗೂ ಬೆಚ್ಚಿದೆ. ಮಾತುಗಳಿಗೆಲ್ಲ ತಗಡಿನ ಅಂಚು ಇತ್ತು. ಆ ಹುಡುಗಿ ಹೇಳಿದಂತೆ ದಿನಕ್ಕೆ ಸ್ವಲ್ಪ ಸ್ವಲ್ಪ ಹೊತ್ತು ಜಾಸ್ತಿ ಹಾಕಿಕೊಂಡು ಹೋದೆ. ಮೆದುಳು ಹೊಸದಾಗಿ ಕಲಿಯಬೇಕು, ಅದಕ್ಕೆ ವಾರಗಳು ಬೇಕು. ಈಗ ಎಡಗಡೆ ಕೂತವರು "ಶಾಲೆ" ಅಂದರೆ ನನಗೂ ಶಾಲೆಯೇ.

ಗುಂಯ್ ಪೂರ್ತಿ ಹೋಗಿಲ್ಲ. ಏಡ್ ಹಾಕಿಕೊಂಡಾಗ ಹೊರಗಿನ ಸದ್ದುಗಳ ಹಿಂದೆ ಸರಿಯುತ್ತದೆ, ರಾತ್ರಿ ತೆಗೆದಿಟ್ಟಾಗ ಮತ್ತೆ ಮುಂದೆ ಬರುತ್ತದೆ. ಮಲಗುವಾಗ ಸಣ್ಣಗೆ ಮಳೆಯ ಸದ್ದು ಹಾಕಿಟ್ಟುಕೊಳ್ಳುತ್ತೇನೆ. ಆರು ತಿಂಗಳಿಗೊಮ್ಮೆ ಪರೀಕ್ಷೆ ಇದೆ. ಎಡಗಿವಿಗಿಂತ ಈಗ ಬಲಗಿವಿಯದ್ದೇ ಮುಖ್ಯ ಅಂದಿದ್ದಾರೆ ಡಾಕ್ಟರ್, ಯಾಕೆಂದರೆ ನಾನು ನೆಚ್ಚಿಕೊಂಡಿರುವುದು ಅದನ್ನು. ಸಮ್ಮರಿಯ ಜೊತೆ ನನ್ನ ಎಲ್ಲ ಆಡಿಯೋಗ್ರಾಮ್‌ಗಳನ್ನೂ ಒಂದೇ ಫೈಲ್‌ನಲ್ಲಿ ಇಟ್ಟಿದ್ದೇನೆ. ಅದರ ಫೋಟೊ ಮಗನ ಫೋನಿನಲ್ಲೂ ಇದೆ. ಯಾವ ಕಾಯಿಲೆಗೆ ಯಾವ ಆಸ್ಪತ್ರೆಗೆ ಹೋದರೂ ನಾವು ಮೊದಲು ಮುಂದಿಡುವುದು ಅದನ್ನೇ.